ಬಾಕಿ

ಟಿಸ್ಕ್ ದಾಟಿ ಮೊಲೆಂ ಕಡೆ ಹೊರಟರೆ
ಎಡಕ್ಕೆ, ಹಲಸಿನ ಮರದ ಹಿಂದೆ ಕೂತಿತ್ತು ಅದು.
ಮುಂದೆ ಕಂಬ ಮೂರು;
ನಾಲ್ಕನೆಯದು ಲಾರಿ ಗುದ್ದಿ ಹೋದದ್ದು.
ಅದಿರಿನ ಧೂಳು ಎಷ್ಟು ಕೂತಿತ್ತೆಂದರೆ
ತೊಳೆದಾಗಲೇ ಗೊತ್ತಾದದ್ದು,
ಹೆಂಚಿನ ಕೆಂಪು ಬೇರೆ, ಧೂಳಿನ ಕೆಂಪು ಬೇರೆ.

ಎರ್ಮೆಲಿಂದ್ ಬಾಯಿ ಅನ್ನುತ್ತಿದ್ದಳು:
ಇದು ನಮ್ಮಜ್ಜಿಯ ಅಜ್ಜಿ ನಡೆಸಿದ ಮುಕ್ಕಾಮಿನ ಮನೆ.
ಘಟ್ಟ ಇಳಿದ ಹೇರೆತ್ತಿನವರಿಗೆ ಗಂಜಿ, ಎತ್ತಿಗೆ ಹುಲ್ಲು,
ಘಟ್ಟ ಹತ್ತುವವರಿಗೆ ಧೈರ್ಯಕ್ಕೊಂದು ಗುಟುಕು ಫೆನಿ.
ರೈಲು ಬಂತು, ಎತ್ತು ನಿಂತವು.
ಆಮೇಲೆ ಸುಂಕದವರ ಠಾಣೆ, ಆಮೇಲೆ ರೇಷನ್ ಅಂಗಡಿ,
ಆಮೇಲೆ ಲಾರಿ ಡ್ರೈವರುಗಳ ಬಾರು,
ಆಮೇಲೆ ಬಾವಲಿ.

ನಾವು ಏಳು ಮಂದಿ, ಬಾದಾಮಿ ಕಡೆಯ ಗೌಂಡಿಗಳು.
ಗೋವಾಕ್ಕೆ ಬಂದು ಹನ್ನೊಂದು ವರ್ಷ
ಸಿಮೆಂಟನ್ನೇ ಕಲಸಿದ ಕೈ.
ಇಂಜಿನಿಯರು ವೃಷಾಲಿ ಕೇಂಕ್ರೆ ಮೊದಲ ದಿನವೇ ಅಂದರು:
ಹುಲಗಪ್ಪ, ಇಲ್ಲಿ ಒಂದು ಚೀಲ ಸಿಮೆಂಟು ಕಂಡರೂ
ನಿನ್ನ ಲೆಕ್ಕ ಮುಗಿಯಿತು.
ಸರಿ. ಚಿಪ್ಪು ಸುಟ್ಟ ಸುಣ್ಣ. ಅಳಲೆಕಾಯಿ ನೆನೆಸಿದ ನೀರು.
ಮುಧೋಳದ ಬೆಲ್ಲ ಹತ್ತು ಕಿಲೊ,
ಗೋಡೆಗೆ ಎಂಟು, ಹುಡುಗರ ಬಾಯಿಗೆ ಎರಡು.
ನನ್ನ ತಾತ ಗಾರೆ ಅರೆದು
ಎರಡು ಬೆರಳಲ್ಲಿ ಹಿಚುಕಿ ನೋಡುತ್ತಿದ್ದನಂತೆ.
ನಾನೂ ಹಿಚುಕಿದೆ. ಏನು ನೋಡಬೇಕೆಂದು ಗೊತ್ತಿರಲಿಲ್ಲ.
ಮೂರನೆಯ ವಾರ ಗೊತ್ತಾಯಿತು; ಹೇಳಲು ಬರುವುದಿಲ್ಲ.

ಕೆರೆದೆವು.
ಬಾರಿನ ಗುಲಾಬಿ ಎಣ್ಣೆಬಣ್ಣ ಹಪ್ಪಳದ ಹಾಗೆ ಎದ್ದು ಬಂತು.
ಅದರಡಿ ರೇಷನ್ ಅಂಗಡಿಯ ಹಳದಿ.
ಅದರಡಿ ಸುಂಕದವರ ನೀಲಿ,
ಉಗುರಿಗೆ ಹತ್ತಿದ್ದು ಊಟಕ್ಕೂ ಬಿಡಲಿಲ್ಲ.
ಅದರಡಿ ಹೊಗೆ.
ಹೊಗೆಯ ಮೇಲೆ, ಕೂತವನ ಕಣ್ಣಿನೆತ್ತರಕ್ಕೆ,
ಮೊಳೆಯಲ್ಲಿ ಗೀಚಿದ ಎರಡು ಸಾಲು.

ಅಕ್ಷರ! ಕೂಗಿದರು ವೃಷಾಲಿ. ಮೋಡಿಯೋ ಏನೋ?
ಎಲ್ಲರೂ ಓಡಿ ಬಂದರು. ಬಾಯಿ ಶಿಲುಬೆ ಮಾಡಿಕೊಂಡಳು.
ನಾನು ಟಾರ್ಚು ಹಿಡಿದು ಬಗ್ಗಿದೆ.
ಕನ್ನಡ.
ನಾಲ್ಕನೇ ಇಯತ್ತೆಯವನಿಗೂ ತಿಳಿಯುವ ದುಂಡು ಕನ್ನಡ:

‘ಉಪ್ಪು ಹದಿನಾರು ಹೇರು. ರಾತ್ರಿ ಮೂರು. ಬಾಕಿ ಹತ್ತಾಣೆ.
ತಿರುಗಿ ಬಂದಾಗ ಕೊಡುವೆ. ಅಣ್ಣಿಗೇರಿ ಫಕೀರಪ್ಪ.’

ತಿರುಗಿ ಬಂದ ಗುರುತು ಎಲ್ಲೂ ಇಲ್ಲ.
ಹೊಡೆದು ಹಾಕಿದ ಗೆರೆ ಇಲ್ಲ.

ಏನಂತೆ? ಅಂದಳು ಬಾಯಿ.
ಈ ಊರಲ್ಲಿ ನಮಗೆ ಘಾಟಿ ಅಂತ ಹೆಸರು.
ಸೈಟಿನಲ್ಲಿ ತಂತಿ ಕಳೆದರೆ
ಮೊದಲು ಬಿಚ್ಚಿಸುವುದು ನಮ್ಮ ಚೀಲ.
ನನ್ನ ಬಾಯಿಂದ ಬಂತು:
ಅನ್ನ ಇಟ್ಟ ತಾಯಿಗೆ ಶರಣು ಅಂತ ಬರೆದಾನ್ರೀ. ಲೆಕ್ಕ ಚುಕ್ತಾ.

ಅವಳು ಸೆರಗಿಲ್ಲದ ಅಂಗಿಯ ತೋಳಿಗೆ ಕಣ್ಣೊರೆಸಿಕೊಂಡು
ಸಾಲುಗಳ ಮೇಲೆ ಬೆರಳಾಡಿಸಿದಳು.
ಬೆರಳು ಸರಿಯಾಗಿ ಹತ್ತಾಣೆಯ ಮೇಲೆ ನಿಂತಿತು.

ಉಪ್ಪುಂಡ ಮನೆಗೆ ಎರಡು ಬಗೆಯಬಾರದು, ಅನ್ನುತ್ತಿದ್ದಳು ನನ್ನವ್ವ.
ಉಪ್ಪು ಹೇರಿದವನ ಬಗ್ಗೆ ಗಾದೆ ಏನೂ ಹೇಳಿಕೊಟ್ಟಿರಲಿಲ್ಲ.

ಈಗ ಅಲ್ಲಿ ಎರಡು ಅಂಗೈ ಅಗಲ ಗಿಲಾವು ಮಾಡಿಲ್ಲ, ಗಾಜು ಕೂರಿಸಿದ್ದಾರೆ.
ಕೆಳಗೆ ಹಿತ್ತಾಳೆಯ ತಗಡು, ಇಂಗ್ಲಿಷು, ಕೊಂಕಣಿ ಎರಡರಲ್ಲೂ:
ದಾರಿಹೋಕನೊಬ್ಬನ ಕೃತಜ್ಞತೆ.
ನಾಲ್ಕನೆಯ ಕಂಬ ನಾನೇ ಕಟ್ಟಿದ್ದು. ಉಳಿದವಕ್ಕಿಂತ ಒಂದು ಬೆರಳು ದಪ್ಪ.
ಯಾರೂ ಗಮನಿಸಿಲ್ಲ.

ಮೊನ್ನೆ ಕಂಪೌಂಡಿಗೆ ಸುಣ್ಣ ಹೊಡೆಯುತ್ತಿದ್ದೆ.
ಧಾರವಾಡದ ನಂಬರಿನ ಕಾರೊಂದು ಬಂದು ನಿಂತಿತು.
ಅಪ್ಪ ಬಾಗಿಲಲ್ಲೇ ರೂಮಿನ ರೇಟು ಕೇಳುತ್ತಿದ್ದ.
ಮಗಳು, ಆರೋ ಏಳೋ ವರ್ಷ,
ಸೀದಾ ಒಳಗೆ ಓಡಿದಳು.
ನಾನು ಬಕೆಟ್ಟು ಎತ್ತಿಕೊಂಡು ಹಿತ್ತಲಿಗೆ ಹೋದೆ.
ಹಿತ್ತಲಿಗೂ ಕೇಳಿಸಿತು,
ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ:
ಉ... ಉಪ್ಪು...