ಒಳಮಡಿಕೆ

ಅಬ್ಬನ ಅಳತೆ ಪುಸ್ತಕಕ್ಕೆ ಎರಡು ಬಾಗಿಲು.
ಮುಂದಿನಿಂದ ತೆರೆದರೆ ಹೊಸಮನೆಯ ಮಕ್ಕಳ ಯೂನಿಫಾರ್ಮು,
ಹಿಂದಿನಿಂದ ತೆರೆದರೆ ಕಾರುಗಳು.
ಅಮ್ಮಿ ಆ ಕಡೆಯಿಂದ, ಅಬ್ಬ ಈ ಕಡೆಯಿಂದ
ಬರೆಯುತ್ತ ಬಂದರು.
ನಡುವಿನ ನಾಲ್ಕು ಹಾಳೆ ಯಾರದೂ ಅಲ್ಲ;
ಅಲ್ಲಿ ನಾನು ಸೊನ್ನೆ ಸುತ್ತಲು ಕಲಿತೆ.

ಡಾಕ್ಟರ್ ಮೆನೇಜಸ್ ಮೊದಲ ಸಲ ಬಂದಾಗ
ನನಗೆ ಏಳು. ಟೇಪಿನ ಆ ತುದಿ ಹಿಡಿಯುವುದು ನನ್ನ ಕೆಲಸ.
ಜಪಾನಿನ ಕೆಂಪು ಕಾರು, ಎರಡೇ ಸೀಟು,
ಉದ್ದ ಮೂಗು, ಹಿಂಭಾಗ ಕತ್ತಿಯಲ್ಲಿ ಕೊಯ್ದಿಟ್ಟ ಹಾಗೆ.
ತುದಿಗಾಲಲ್ಲಿ ನಿಂತರೆ ಬಾನೆಟ್ಟಿನಾಚೆ
ಅಬ್ಬನ ಮುಖ ಕಾಣುತ್ತಿತ್ತು.
ಉದ್ದ ಹದಿಮೂರೂವರೆ ಅಡಿ, ಎಂದು ಕೂಗಿದ,
ಅಗಲ ಐದು ನಾಲ್ಕು.
"ಇಷ್ಟೇನಾ ಸಾರ್? ನಮ್ಮ ಮಂಚಾನೇ ಇದಕ್ಕಿಂತ ಅಗಲ."
ಡಾಕ್ಟರು ನಕ್ಕರು. ಆರಡಿ ಆಳು,
ಒಳಗೆ ಇಳಿಯುವಾಗ
ಕೊಡೆ ಮಡಚಿದಂತೆ ಕಾಣುತ್ತಿದ್ದರು.

ಹನ್ನೊಂದು ವರ್ಷಕ್ಕೆ ಎರಡನೆಯದು.
ಅದೇ ಹೆಸರು, ಹಿಂದೆ ಅದೇ ಬಿಲ್ಲೆ.
ಹಳೇ ಹೊದಿಕೇನೇ ಹಾಕಿ ನೋಡು, ಅಂದರು.
ಎಳೆದೆವು. ಮೂಗು ಮುಚ್ಚಿದರೆ ಹಿಂದಿನ ದೀಪ ಬತ್ತಲೆ,
ದೀಪ ಮುಚ್ಚಿದರೆ ಮೂಗು ಹೊರಗೆ.
ಜೂನ್ ತಿಂಗಳಲ್ಲಿ ಹೋದ ವರ್ಷದ ಚಡ್ಡಿ ತೊಟ್ಟು
ಸ್ಕೂಲಿಗೆ ಹೊರಟ ಹುಡುಗ.
ಅಬ್ಬ ಒಳಕೋಣೆಗೆ ಕೇಳುವಂತೆ ಹೇಳಿದ:
"ಬೆಳೆಯೋ ಮಗು ಕಣೇ ಇದು, ಒಳಮಡಿಕೆ ಬಿಡಬೇಕಿತ್ತು!"
ಆಮೇಲಿಂದ ಬಿಟ್ಟೆವು,
ಎರಡಿಂಚು, ಅಂಚಿನುದ್ದಕ್ಕೂ.

ಮೂರನೆಯದಕ್ಕೆ ಎರಡಿಂಚು ಎಲ್ಲಿಗೂ ಸಾಲಲಿಲ್ಲ.
ಉದ್ದ ಚೂರು ಕುಗ್ಗಿತ್ತು, ಸುಳ್ಳು ಹೇಳಬಾರದು,
ಆದರೆ ಪಕ್ಕೆಗಳು! ಹಬ್ಬದ ಮಾರನೆಯ ದಿನದ ಹಾಗೆ.
ಮೆಕ್ಯಾನಿಕ್ ಸೋಮಾಚಾರಿ ಬಾಗಿಲಿನ ಒಳಹೊದಿಕೆ ಬಿಚ್ಚಿ ತೋರಿಸಿದ:
ಅಡ್ಡಕ್ಕೆ ಕಬ್ಬಿಣದ ತೊಲೆ.
"ಗುದ್ದಿದರೆ ಒಳಗಿನವನು ಉಳೀಬೇಕಲ್ಲ."
ಕೊಬ್ಬು ಅಂದುಕೊಂಡಿದ್ದೆ ನಾನು.
ಹೆದರಿಕೆಯಂತೆ ಅದು, ಪದರ ಪದರ.
ಸೀಟು ಹೊಲಿದವಳಿಗೆ ಗೊತ್ತು,
ಹೊರಗೆ ಏಳಿಂಚು ಬೆಳೆದದ್ದು
ಒಳಗಿನ ಮೊಣಕೈಗೆ ಕೊಟ್ಟದ್ದು ಅರ್ಧ.

ಕೈಮರ ದಾಟಿದ ಮೇಲೆ ಗಿರಿಯ ತಿರುವುಗಳಿಗೆ
ಇದೊಂದೂ ಗೊತ್ತಿಲ್ಲ.
ಮೊದಲನೆಯದು ಸೂಜಿಯ ಹಾಗೆ ಹೊಕ್ಕು ಹೊರಬರುತ್ತಿತ್ತು.
ಮೂರನೆಯದು ನಿಲ್ಲಬೇಕು, ಒಮ್ಮೆ ಹಿಂದೆ ಬರಬೇಕು,
ಜೀಪಿನವರು ಹಾರನ್ ಒತ್ತುತ್ತಿದ್ದರೆ
ಮತ್ತೆ ಮುಂದೆ.
ಹಾಗಂತ ಡಾಕ್ಟರೇ ಹೇಳಿದ್ದು,
ಯಾರದೋ ಮಗನ ಬಗ್ಗೆ ದೂರುವ ದನಿಯಲ್ಲಿ.

ಈಗ ಟೇಪಿನ ಎರಡೂ ತುದಿ ನನ್ನವೇ.
ಒಂದನ್ನು ಇಟ್ಟಿಗೆಯ ಕೆಳಗಿಟ್ಟು
ಇನ್ನೊಂದನ್ನು ಹಿಡಿದು ನಡೆಯುತ್ತೇನೆ.
ಹೋದ ತಿಂಗಳು ನಾಲ್ಕನೆಯದು ಬಂತು,
ಅದೇ ಬಿಲ್ಲೆ, ಅಗಲ ಆರು ಒಂದು,
ಅಂಗಡಿಯ ಷಟರಿಗೆ ಕನ್ನಡಿ ತಾಗಿ ಬೀದಿಯಲ್ಲೇ ನಿಂತಿತು.
ಬಾಗಿಲು ತೆರೆದ ಸದ್ದಾಯಿತು.
ಯಾರೂ ಇಳಿದದ್ದು ಕಾಣಲಿಲ್ಲ.
ಸುತ್ತಿ ಹೋದೆ.
ಬಾನೆಟ್ಟಿನಾಚೆ ನಿಂತಿದ್ದರು ಡಾಕ್ಟರು,
ಬೆನ್ನು ಬಾಗಿ, ಕೋಟಿನ ತೋಳೊಳಗೆ ಬೆರಳು ಮುಳುಗಿ.

"ಈ ಸಲ ಹೊದಿಕೆ ಬೇಡ ದಿಲ್ಶಾದ್.
ದಿಂಬು ಬೇಕು. ರಸ್ತೆ ಕಾಣ್ತಿಲ್ಲ."

ಕೂರಿಸಿ ಅಳೆದೆ, ಸೊಂಟದಿಂದ ಕಣ್ಣಿಗೆ.
ಅಬ್ಬ ಅಂಥ ಅಳತೆ ಯಾವತ್ತೂ ತೆಗೆದಿರಲಿಲ್ಲ.
ಪುಸ್ತಕದ ಮುಂದೆ ಬರೆಯಲೋ ಹಿಂದೆ ಬರೆಯಲೋ ತಿಳಿಯದೆ
ನಡುವಿನ ಹಾಳೆ ತೆಗೆದೆ,
ನನ್ನ ಸೊನ್ನೆಗಳ ಪಕ್ಕ ಬರೆದೆ.

ಬೆಳೆಯುವವರಿಗೆ ಎಷ್ಟು ಬಿಡಬೇಕೆಂದು
ಅಮ್ಮಿ ಬೆರಳಿಟ್ಟು ಕಲಿಸಿದ್ದಳು.
ಉಳಿದದ್ದು ಕಲಿಸಲಿಲ್ಲ.

ನಾಲ್ಕಿಂಚು ಗಟ್ಟಿ ಫೋಮು, ಕಪ್ಪು ರೆಕ್ಸಿನ್,
ಒಂದು ಬದಿಗೆ ಉದ್ದ ಜಿಪ್ಪು.
ಇನ್ನೊಂದು ಪದರ ಸೇರಿಸಲು ಜಾಗ ಬಿಟ್ಟು ಹೊಲಿದೆ.

ಜಿಪ್ಪು ಯಾಕಮ್ಮ, ಅಂದರು.
ಒಗೆಯೋಕೆ ಸಾರ್, ಅಂದೆ.