ಕೈಲಾಗದು ಎಂಬ ಮಾತು

ಎಸ್ಕನಾಬಾದ ಕೌಂಟಿ ಕಚೇರಿಯ ನೆಲಮಾಳಿಗೆಯಲ್ಲಿ
ಬಾಯ್ಲರಿನ ಪಕ್ಕದ ಕೋಣೆ ನನ್ನದು.
ಬಾಗಿಲ ಮೇಲೆ ಬರೆದಿದೆ: ಮಾಜಿ ಸೈನಿಕರ ನೆರವು.
ನೆರವು ಅಂದರೆ ಇಲ್ಲಿ ಮುಖ್ಯವಾಗಿ ಫಾರಂ,
ಕಪ್ಪು ಶಾಯಿ, ಆಮೇಲೆ ಕಾಯುವುದು.

ಜನವರಿಯ ಒಂದು ಮಂಗಳವಾರ ಐನೊ ರೌಟಿಯೊ ಬಂದರು,
ತೊಂಬತ್ತೊಂದು ವರ್ಷ.
ಹಿಂದೆ ಮಗಳು ಮಾರ್ಲಿಸ್, ಕಂಕುಳಲ್ಲಿ ಶೂ ಡಬ್ಬ.
ಡಬ್ಬದಲ್ಲಿ ಆಸ್ಪತ್ರೆಯ ಬಿಲ್ಲು, ಬ್ಯಾಂಕಿನ ಚೀಟಿ,
ಆರೈಕೆಮನೆಯ ದರಪಟ್ಟಿ, ತಾಯಿಯ ಮರಣಪತ್ರ.
ತಂದೆ ಸೇನೆಯಲ್ಲಿದ್ದರು ಅನ್ನುವುದಕ್ಕೆ ಮಾತ್ರ
ಏನೂ ಇಲ್ಲ.

ಸೇಂಟ್ ಲೂಯಿಸಿನಲ್ಲಿ ಎಪ್ಪತ್ತಮೂರರ ಜುಲೈ
ಆರನೆಯ ಮಹಡಿ ಹೊತ್ತಿ ಉರಿದಾಗ
ಕೋಟಿಗೂ ಮೀರಿ ಸಿಪಾಯಿಗಳ ಕಾಗದ ಬೂದಿಯಾಯಿತು.
"ನನ್ನದೂ ಅದರಲ್ಲೇ ಹೋಯಿತಂತೆ" ಅಂದರು,
ಬಸ್ಸು ತಪ್ಪಿದವರ ಹಾಗೆ.
ಆಮೇಲೆ ಬಗ್ಗಿ ಎಡಗಾಲ ಬೂಟು ಬಿಚ್ಚಲು ಹೋದರು.
ಮಗಳು ಬಿಚ್ಚಿದಳು.
ಎರಡು ಬೆರಳಿಲ್ಲ.
ಕೊರಿಯಾದ ಬೆಟ್ಟ, ಐವತ್ತರ ಡಿಸೆಂಬರ್.
ಕಾಗದ ಬೆಂಕಿಗೆ, ಬೆರಳು ಹಿಮಕ್ಕೆ;
ಉಳಿದ ಲೆಕ್ಕ ನನ್ನ ಮೇಜಿನ ಮೇಲೆ.

ಇಲ್ಲದ ಬೆರಳನ್ನು ಫ್ಯಾಕ್ಸ್ ಮಾಡಲಾಗುವುದಿಲ್ಲ ನೋಡಿ.
ಫೆಬ್ರವರಿಯಲ್ಲಿ ಸಿಕ್ಕಿತು ಕೊನೆಯ ಸಂಬಳದ ಚೀಟಿ,
ಬೇರೆ ಕಟ್ಟಡದಲ್ಲಿ ಇದ್ದದ್ದರಿಂದ ಬದುಕಿದ್ದು.
ಮತ್ತೆ ಕರೆಸಿದೆ. ಇನ್ನು ಪ್ರಶ್ನೆಗಳು.

ಸ್ನಾನ ನೀವೇ ಮಾಡುತ್ತೀರಾ?
"ಅಲ್ಲಿ ನಲವತ್ತು ದಿನ ಸ್ನಾನವಿಲ್ಲದೆ ಇದ್ದೆ,
ಯಾರೂ ಫಾರಂ ತರಲಿಲ್ಲ."
ಊಟ?
"ಬಡಿಸಿದ್ದನ್ನು ಬಿಟ್ಟವನಲ್ಲ."
ಬಟ್ಟೆ?
"ತೊಟ್ಟುಕೊಂಡೇ ಬಂದಿದ್ದೇನಲ್ಲ."
ಮಾರ್ಲಿಸ್ ಕ್ಯಾಲೆಂಡರಿನ ಕಡೆ ತಿರುಗಿ ನಿಂತಳು.

ಕೈಲಾಗದು ಎಂಬ ಒಂದು ಮಾತಿಗೆ
ತಿಂಗಳಿಗೆ ಸುಮಾರು ಎರಡು ಸಾವಿರ ಡಾಲರು.
ಆರೈಕೆಮನೆ ಕೇಳುವುದು ಐದು ಸಾವಿರದ ಇನ್ನೂರು.
ಆ ಮಾತನ್ನು ಸಿಪಾಯಿಯ ಬಾಯಿಂದ ಹೊರಡಿಸುವುದೇ
ಇಪ್ಪತ್ತೆರಡು ವರ್ಷದಿಂದ ನನ್ನ ಉದ್ಯೋಗ.
ಸುಳ್ಳು ಹೇಳುವವರು ಬೇಕಾದಷ್ಟು ಬರುತ್ತಾರೆ ಇಲ್ಲಿ,
ಎಲ್ಲರೂ ತಮ್ಮ ವಿರುದ್ಧವೇ.

ಮಗಳನ್ನು ಕಾಫಿಗೆ ಕಳಿಸಿದೆ.
ಅಂಗಿಯ ಗುಂಡಿ ಬಿಚ್ಚಿ ಮತ್ತೆ ಹಾಕಿ ತೋರಿಸಿ ಅಂದೆ.
ಬಿಚ್ಚುವುದು ಬೇಗ ಆಯಿತು, ಎಳೆದೇ ಬಿಟ್ಟರು,
ಒಂದು ಕಿತ್ತು ಬಾಯ್ಲರಿನ ಕಡೆ ಉರುಳಿತು.
ಹಾಕಲು ತೊಡಗಿದರು.
ಗುಂಡಿ ಸಿಕ್ಕಾಗ ಕಾಜ ಸಿಗದು,
ಕಾಜ ಸಿಕ್ಕಾಗ ಬೆರಳೇ ಎಲ್ಲೋ.
ಫಿನ್ನಿಶಿನಲ್ಲಿ ಏನೋ ಬೈದುಕೊಂಡರು.
ನಾನು ಗಡಿಯಾರ ನೋಡಲಿಲ್ಲ ಅಂದರೆ ಸುಳ್ಳು,
ನೋಡುವುದಕ್ಕೇ ಸಂಬಳ.
ಹನ್ನೊಂದು ನಿಮಿಷ.
ಕೊರಳ ಪಟ್ಟಿ ಒಂದು ಮೇಲೆ, ಒಂದು ಕೆಳಗೆ.
ಎದ್ದು ನಿಂತರು, ತಪಾಸಣೆಗೆ ನಿಂತ ಹಾಗೆ.
"ಆಯಿತಲ್ಲ?"

ಆಯಿತು ಅಂದೆ.
ಹೇಳಿಕೆಯ ಹಾಳೆಯಲ್ಲಿ ಬರೆದೆ:
ಹನ್ನೊಂದು ನಿಮಿಷ. ಐದು ಗುಂಡಿ. ಒಂದೂ ತನ್ನ ಕಾಜದಲ್ಲಿಲ್ಲ.
ಕೈಲಾಗದು ಎಂದು ಬರೆಯಲಿಲ್ಲ.
ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು
"ಕ್ಷೌರದ ಬಗ್ಗೆ ಏನೂ ಕೇಳಿಲ್ಲವಲ್ಲ?" ಅಂದರು.
ಪುಟ ತಿರುಗಿಸಿದೆ, ಹುಡುಕಿದೆ, ಇಲ್ಲ.
"ಹಾಗಾದರೆ ಅದು ನನಗಿರಲಿ."
ಸಹಿ ಹಾಕಿದರು.

ಆಗಸ್ಟಿನಲ್ಲಿ ಹಣ ಬಂತು. ಸಾಲದು.
ದೋಣಿ ಮಾರಿದ್ದಾರೆ,
ಮಾರ್ಲಿಸ್ ರಾತ್ರಿ ಪಾಳಿ ಬಿಟ್ಟಿಲ್ಲ.
ಆದರೂ ಈಗ ಬೆಳಿಗ್ಗೆ ಏಳಕ್ಕೆ
ಡೆವಾನ್ ಎಂಬ ಹುಡುಗ ಬಂದು, ಹಾಕಿ ಪಂದ್ಯದ ಸುದ್ದಿ ಹೇಳುತ್ತ,
ಅಂಗಿಯ ಕಡೆ ನೋಡದೆಯೇ ಗುಂಡಿ ಹಾಕಿ ಮುಗಿಸುತ್ತಾನೆ.

ನಾನು ಹೋದ ದಿನ ಕಿಟಕಿಯ ಬಳಿ ಕೂತಿದ್ದರು.
ಗುಂಡಿಗಳೆಲ್ಲ ತಂತಮ್ಮ ಮನೆಯಲ್ಲಿ.
ಗಲ್ಲದ ಮೇಲೆ ಮೂರು ಕಡೆ
ಟಿಶ್ಯೂ ಕಾಗದದ ಚೂರು, ನಡುವೆ ಕೆಂಪು ಚುಕ್ಕೆ.
ಕೇಳಲಿಲ್ಲ ನಾನು.
ಬಾಯ್ಲರಿನ ಸಂದಿಯಲ್ಲಿ ಸಿಕ್ಕಿದ ಗುಂಡಿಯನ್ನು
ಅವರ ಅಂಗೈಲಿಟ್ಟೆ.
ಬೆಳಕಿಗೆ ಹಿಡಿಯಲು ನೋಡಿದರು, ಜಾರಿತು, ಮತ್ತೆ ಹಿಡಿದರು.
"ನಾಲ್ಕು ತೂತಿನದು.
ಹೊಲಿಯೋದು ಸೇನೇಲೇ ಕಲಿತದ್ದು ನಾನು.
ಸೂಜಿ ಇದೆಯಾ ನಿಮ್ಮ ಹತ್ರ?"