ಹು-೪೧

ಕಾರವಾರದಿಂದ ರಾತ್ರಿ ಘಟ್ಟ ಹತ್ತಿದ ಬಂಗಡೆ
ಗಣೇಶಪೇಟೆಯಲ್ಲಿ ಇಳಿಯುವುದು ನಸುಕಿನ ಐದಕ್ಕೆ.
ಎಲ್ಲರೂ ಕಿವಿರು ಎತ್ತಿ ಕೆಂಪು ನೋಡುತ್ತಾರೆ,
ನಾನು ಆ ಕೆಂಪಿನೊಳಗೆ ಕೂತದ್ದನ್ನು.

"ಹೇನು ಬಿದ್ದದ್ದ ಬೇಕನ್ನೋ ಗಿರಾಕಿ
ನೀ ಒಬ್ಬಾಕಿನ ನೋಡವಾ," ಅಂತಾಳೆ ಹುಸೇನಬಿ.
ಆದರೂ ಡಾಲ್ಡಾ ಡಬ್ಬಿಯಲ್ಲಿ ಐಸು ಹಾಕಿ
ತೆಗೆದಿಟ್ಟಿರುತ್ತಾಳೆ: "ತಗೋ, ನಿನ್ನ ಬೀಗರು."
ಅದಕ್ಕೆ ರೊಕ್ಕ ಮುಟ್ಟುವುದಿಲ್ಲ.

ಧಾರವಾಡದ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಸದಾ ಖಾಲಿ.
ನವಲೂರು ದಾಟುವಾಗ ಐಸು ಕರಗಿ
ಯಾರದೋ ಪೇಢೆಯ ಪೊಟ್ಟಣದತ್ತ ಹರಿಯುತ್ತದೆ;
ಕಾಲು ಅಡ್ಡ ಇಡುತ್ತೇನೆ.

ಸೂಕ್ಷ್ಮದರ್ಶಕದ ಕೆಳಗೆ ಹದಿನಾಲ್ಕು ಕಾಲು,
ಕಣ್ಣಿದ್ದಲ್ಲಿ ಎರಡು ಮಸುಕು ಕಲೆ.
ಗಂಡಾಗಿ ಈಜಿ ಬಂದದ್ದು
ಮೀನಿನ ಉಸಿರಲ್ಲಿ ಮನೆ ಹಿಡಿದು ಹೆಣ್ಣಾಗಿದೆ.
ಹೊಟ್ಟೆಯ ಚೀಲದ ತುಂಬ ಮರಿ,
ಒಂದೊಂದೂ ಹೊರಡುವ ಅವಸರದಲ್ಲಿ ಸತ್ತದ್ದು.

ಕರೆಂಟು ಹೋದ ಮೂರು ತಾಸು
ಫ್ರೀಜರಿನ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೆ.
ಜೆಲ್ಲಿನಲ್ಲಿ ಒಂದೇ ಗೆರೆ ಮೂಡಿತು, ತೆಳ್ಳಗೆ,
ಸ್ಲೇಟಿನ ಮೇಲೆ ಅರ್ಧ ಅಳಿಸಿದ ಹಾಗೆ.
ಆರುನೂರ ಐವತ್ತೆಂಟು ಅಕ್ಷರ ಓದಿಸಿದೆ.
ಗೊತ್ತಿದ್ದ ಯಾವುದಕ್ಕೂ ಪೂರ್ತಿ ಹೊಂದಲಿಲ್ಲ.

"ಹೆಸರು ಸಿಕ್ತೇನ?"
"ಇಲ್ಲ. ಸದ್ಯ ನಂಬರು. ಹು-ನಲವತ್ತೊಂದು."
ಹು ಅಂದರೆ ಹುಬ್ಬಳ್ಳಿ.

ಹುಸೇನಬಿ ಕತ್ತಿ ಕೆಳಗಿಟ್ಟಳು.
ಸೆರಗಿಗೆ ಕೈ ಒರೆಸಿ
ಸಿಗಡಿ ಸುಲಿಯುತ್ತಿದ್ದವಳಿಗೆ ಕೂಗಿದಳು:
"ಏ ಕಸ್ತೂರಿ, ದೊಡ್ಡ ಸಾಲ್ಯಾಗ
ನನ್ನ ಹೆಸರು ಬರದಾರಂತ, ಹೇನಿಗೆ!"

ನಾನು ಡಬ್ಬಿ ಮುಂದೆ ಹಿಡಿದೆ,
ಐಸು ಇನ್ನಷ್ಟು ಹಾಕೆಂದು.